ನೆರೆಮನೆಯ ಕಿಚ್ಚು

2025ರ ಮೇ 8ನೆಯ ತಾರೀಖು ಗುರುವಾರ ರಾತ್ರಿ ನಾವು ನಂಜನಗೂಡು ತಾಲ್ಲೂಕಿನ ತಾಂಡ್ಯದಲ್ಲಿದ್ದೆವು. ಮಾತೆ ಮರಿಯಮ್ಮನವರ ತಿಂಗಳಾದ್ದರಿಂದ, ಅಲ್ಲಿನ ಕಾರ್ಖಾನೆಯೊಂದರಲ್ಲಿ ದುಡಿಯುವ ಬಂಧುವೊಬ್ಬರ ಮನೆಯಲ್ಲಿ ಜಪಸರ ಪ್ರಾರ್ಥನೆ ಇಟ್ಟುಕೊಂಡಿದ್ದರು. ಪ್ರಾರ್ಥನೆ ಮುಗಿದು ಮಂಡಕ್ಕಿ, ಚಹಾ ಕೈಗೆ ಬರುವ ಹೊತ್ತಿಗೆ ಒಂಬತ್ತೂವರೆ ದಾಟಿತ್ತು. ಯಾರೋ ಟಿ.ವಿ. ಹಾಕಿದರು. ರೋಮಾಪುರಿಯ ಸಿಸ್ಟೀನ್ ದೇವಾಲಯದ ಹೊಗೆಗೂಡಿನಿಂದ ಬಿಳಿಯ ಹೊಗೆ ಏಳುತ್ತಿತ್ತು. ಏಪ್ರಿಲ್ 21ರಂದು ಪ್ರಭುವಿನಲ್ಲಿ ನಿದ್ರೆಹೋದ ಪೋಪ್ ಫ್ರಾನ್ಸಿಸ್ ಅವರ ಉತ್ತರಾಧಿಕಾರಿಯ ಆಯ್ಕೆಯಾಗಿತ್ತು. ಅದೇ ಗಳಿಗೆಯಲ್ಲಿ ಮನೆಯ ಹಿರಿಯ ಮಗ ತನ್ನ ಮೊಬೈಲಿನಲ್ಲಿ ಬೇರೊಂದನ್ನು ನೋಡುತ್ತಿದ್ದ. ಜಮ್ಮು ನಗರದಲ್ಲಿ ದೀಪಗಳೆಲ್ಲ ಆರಿದ್ದವು, ಕತ್ತಲ ಆಕಾಶದಲ್ಲಿ ಡ್ರೋನುಗಳನ್ನು ಹೊಡೆದುರುಳಿಸುವ ಕಿಡಿಗಳು ಹಾರುತ್ತಿದ್ದವು. ಹಿರಿಯರು ಬಿಳಿಹೊಗೆಯ ಕಡೆಗೂ ಕಿರಿಯರು ಕಿಡಿಗಳ ಕಡೆಗೂ ಮುಖಮಾಡಿ ಕುಳಿತ ಆ ಇಕ್ಕಟ್ಟಾದ ಕೋಣೆಯನ್ನು ನಾವು ಇನ್ನೂ ಮರೆತಿಲ್ಲ.

ಹತ್ತೂವರೆಯ ಮೇಲೆ ಹೊಸ ಪೋಪ್ ಹದಿನಾಲ್ಕನೆಯ ಲಿಯೋ ಅವರು ಮೊಗಸಾಲೆಗೆ ಬಂದು, ಎಲ್ಲಕ್ಕಿಂತ ಮೊದಲು ಶಾಂತಿಯನ್ನೇ ಹಾರೈಸಿದರು. ಇತ್ತ ಕೆಲವು ಸುದ್ದಿವಾಹಿನಿಗಳು ಕರಾಚಿ ಬಂದರು ಧ್ವಂಸವಾಯಿತೆಂದು ಸಾರತೊಡಗಿದವು. ಹುಡುಗರು ಚಪ್ಪಾಳೆ ತಟ್ಟಿದರು. ಗೋಡೆಗೊರಗಿ ಕುಳಿತಿದ್ದ ಅಜ್ಜಿಯೊಬ್ಬರು ಮಾತ್ರ, "ಮಗಾ, ಅಲ್ಲೂ ನಮ್ಮ ಗುಡಿಗಳವಲ್ವಾ?" ಎಂದು ಕೇಳಿದರು. ಯಾರೂ ಉತ್ತರಿಸಲಿಲ್ಲ. ಕರಾಚಿಯ ಸುದ್ದಿ ಸುಳ್ಳೆಂಬುದು ಮಾರನೆಯ ದಿನವೇ ತಿಳಿಯಿತು. ಅಜ್ಜಿಯ ಪ್ರಶ್ನೆ ಮಾತ್ರ ಸುಳ್ಳಾಗಿರಲಿಲ್ಲವಾದ್ದರಿಂದ ಅದು ನಮ್ಮ ಜೊತೆಯಲ್ಲೇ ಉಳಿದುಬಂದಿದೆ. ಈ ವಾರದ ಅಂಕಣವನ್ನು ನಾವು ಆ ಪ್ರಶ್ನೆಗೇ ಮೀಸಲಿಟ್ಟಿದ್ದೇವೆ.

ಮೊದಲು, ಎಲ್ಲರೂ ಕೇಳುವ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ. ಭಾರತಕ್ಕೂ ಪಾಕಿಸ್ತಾನಕ್ಕೂ ಇನ್ನೊಂದು ಯುದ್ಧವಾದೀತೆ? ಲೂಕನ ಶುಭಸಂದೇಶದಲ್ಲಿ ಯೇಸುಸ್ವಾಮಿ ಹೇಳುವ ಅರಸನೊಬ್ಬನಿದ್ದಾನೆ. ಹತ್ತು ಸಾವಿರ ದಂಡಿನಿಂದ ಇಪ್ಪತ್ತು ಸಾವಿರವನ್ನು ಎದುರಿಸಲು ಸಾಧ್ಯವೇ ಎಂದು ಅವನು ಮೊದಲು ಕುಳಿತು ಲೆಕ್ಕಹಾಕುತ್ತಾನೆ, ಆಗದೆನಿಸಿದರೆ ಶತ್ರು ದೂರವಿರುವಾಗಲೇ ಸಂಧಾನಕ್ಕೆ ದೂತರನ್ನು ಕಳುಹುತ್ತಾನೆ. ನಾವೂ ಆವೇಶವನ್ನು ಬದಿಗಿಟ್ಟು ಸ್ವಲ್ಪ ಲೆಕ್ಕಹಾಕಬೇಕಾಗಿದೆ.

ಸ್ವಾತಂತ್ರ್ಯ ಬಂದಂದಿನಿಂದ ಈ ಎರಡು ದೇಶಗಳು 1947-48, 1965, 1971 ಮತ್ತು 1999ರಲ್ಲಿ ಕಾದಾಡಿವೆ. ಯುದ್ಧದ ಅಂಚಿನವರೆಗೆ ಹೋಗಿ ಹಿಂದಿರುಗಿದ ಸಂದರ್ಭಗಳು ಇದಕ್ಕಿಂತ ಹೆಚ್ಚು. 2001ರ ಡಿಸೆಂಬರ್ 13ರಂದು ಸಂಸತ್ ಭವನದ ಮೇಲೆ ದಾಳಿಯಾದ ಬಳಿಕ ಎರಡೂ ಸೇನೆಗಳು ಹತ್ತು ತಿಂಗಳ ಕಾಲ ಗಡಿಯಲ್ಲಿ ಎದುರುಬದುರಾಗಿ ನಿಂತು, ಕೊನೆಗೆ ಹಿಂದೆ ಸರಿದವು. 2008ರ ಮುಂಬಯಿ ದಾಳಿಯ ನಂತರವೂ ಯುದ್ಧವಾಗಲಿಲ್ಲ. ಅಲ್ಲಿಂದ ಮುಂದೆ ಮಾತ್ರ ರೇಖೆ ಒಂದೊಂದೇ ಹೆಜ್ಜೆ ಸರಿಯುತ್ತ ಬಂತು. 2016ರಲ್ಲಿ ಉರಿ ದಾಳಿಗೆ ಪ್ರತಿಯಾಗಿ ನಮ್ಮ ಯೋಧರು ನಿಯಂತ್ರಣ ರೇಖೆಯನ್ನು ಕಾಲ್ನಡಿಗೆಯಲ್ಲಿ ದಾಟಿದರು. 2019ರಲ್ಲಿ ವಿಮಾನಗಳು ಬಾಲಾಕೋಟ್‌ವರೆಗೆ ಹೋದವು. 2025ರ ಏಪ್ರಿಲ್ 22ರಂದು ಪಹಲ್ಗಾಮ್ ಸಮೀಪದ ಬೈಸರನ್ ಹುಲ್ಲುಗಾವಲಿನಲ್ಲಿ 26 ಮಂದಿ ಅಮಾಯಕರನ್ನು ಭಯೋತ್ಪಾದಕರು ಕೊಂದರು. ಅವರಲ್ಲಿ ನಮ್ಮ ಶಿವಮೊಗ್ಗ, ಬೆಂಗಳೂರುಗಳಿಂದ ಹೋದವರಿದ್ದರು, ಇಂದೋರಿನ ಕ್ರೈಸ್ತರೊಬ್ಬರಿದ್ದರು, ಪ್ರವಾಸಿಗರನ್ನು ಕುದುರೆಯ ಮೇಲೆ ಕರೆತಂದಿದ್ದ ಕಾಶ್ಮೀರಿ ಮುಸಲ್ಮಾನರೊಬ್ಬರೂ ಇದ್ದರು. ಮೇ 7ರ ನಸುಕಿನಲ್ಲಿ ಭಾರತ ಒಂಬತ್ತು ನೆಲೆಗಳ ಮೇಲೆ ಕ್ಷಿಪಣಿಗಳಿಂದ ಹೊಡೆಯಿತು. ಈ ಬಾರಿ ಪೆಟ್ಟು ಪಾಕಿಸ್ತಾನದ ಪಂಜಾಬಿನೊಳಗೇ ಬಿದ್ದಿತು. ನಾಲ್ಕು ದಿನ ಡ್ರೋನು, ಕ್ಷಿಪಣಿ, ಫಿರಂಗಿಗಳ ವಿನಿಮಯವಾಯಿತು. ಮೇ 10ರ ಮಧ್ಯಾಹ್ನ 3 ಗಂಟೆ 35 ನಿಮಿಷಕ್ಕೆ ಪಾಕಿಸ್ತಾನದ ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರು ನಮ್ಮ ಮಹಾನಿರ್ದೇಶಕರಿಗೆ ದೂರವಾಣಿ ಕರೆ ಮಾಡಿದರು. ಸಂಜೆ 5 ಗಂಟೆಯಿಂದ ಗುಂಡು ನಿಲ್ಲಿಸುವುದೆಂದು ಒಪ್ಪಂದವಾಯಿತು. ಅಷ್ಟು ದೊಡ್ಡ ಬೆಂಕಿ ಒಂದು ಫೋನಿನಿಂದ ನಿಂತಿತು. ಅಂಥ ಫೋನು ಇರುವುದು ಎಷ್ಟು ಒಳ್ಳೆಯದು ಎಂದು ನಮಗನಿಸಿತು. ಅದೇ ಫೋನನ್ನು ನಾಲ್ಕು ದಿನ ಮೊದಲೇ ಎತ್ತಿಕೊಳ್ಳಬಾರದಿತ್ತೆ ಎಂದೂ ಅನಿಸದಿರಲಿಲ್ಲ.

ಇದರಿಂದ ನಮಗೆ ತೋರುವುದಿಷ್ಟು. 1971ರಂತೆ ಘೋಷಿತವಾಗಿ, ವಾರಗಟ್ಟಲೆ ನಡೆದು, ನಕ್ಷೆಯನ್ನೇ ಬದಲಿಸುವ ಯುದ್ಧ ಇನ್ನು ನಡೆಯುವ ಸಂಭವ ಕಡಿಮೆ. 1998ರ ಮೇ ತಿಂಗಳಲ್ಲಿ ಇಬ್ಬರೂ ಅಣುಬಾಂಬು ಸಿಡಿಸಿ ತೋರಿಸಿದ್ದಾರೆ. ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2025ರ ಆರಂಭದಲ್ಲಿ ಭಾರತದ ಬಳಿ ಸುಮಾರು 180, ಪಾಕಿಸ್ತಾನದ ಬಳಿ ಸುಮಾರು 170 ಅಣುಸಿಡಿತಲೆಗಳಿದ್ದವು. ಇದನ್ನು ತಿಳಿದ ಯಾವ ಸೇನಾಪತಿಯೂ ಪೂರ್ಣ ಯುದ್ಧವನ್ನು ಬಯಸಲಾರ. ಆದರೆ ಚಿಕ್ಕದಾದ, ಬಿರುಸಾದ, ಕೆಲವೇ ದಿನಗಳ ಕಾಳಗಗಳು ಮತ್ತೆ ಮತ್ತೆ ಬರುವ ಸಂಭವ ಹೆಚ್ಚಾಗಿದೆ. ಪ್ರತಿ ಬಾರಿಯೂ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಮೇಲೆಯೇ ಆರಂಭವಾಗುತ್ತದೆ. ಮುಂದೆ ನಡೆಯುವ ಭಯೋತ್ಪಾದಕ ಕೃತ್ಯವನ್ನು ಯುದ್ಧವೆಂದೇ ಪರಿಗಣಿಸುವುದಾಗಿ ಭಾರತ ಸರ್ಕಾರ ಆಗಲೇ ತಿಳಿಸಿದೆ. ಸರ್ಕಾರದ ರೋಷ ನ್ಯಾಯವಾದುದೇ. ಆದರೂ ಯುದ್ಧ ಯಾವಾಗ ಆಗಬೇಕೆಂಬ ತೀರ್ಮಾನವನ್ನು ದೆಹಲಿ, ಇಸ್ಲಾಮಾಬಾದುಗಳ ಕೈಯಿಂದ ತೆಗೆದು, ಬಂದೂಕು ಹಿಡಿದ ನಾಲ್ಕು ಮಂದಿ ದುರುಳರ ಕೈಗೆ ಕೊಟ್ಟಂತೆ ಆಗಲಿಲ್ಲವೇ ಎಂಬ ಅಳುಕು ನಮ್ಮನ್ನು ಬಿಟ್ಟಿಲ್ಲ. 2025ರ ನವೆಂಬರ್ 10ರಂದು ದೆಹಲಿಯ ಕೆಂಪುಕೋಟೆಯ ಬಳಿ ಕಾರು ಸ್ಫೋಟಗೊಂಡು ಜನ ಸತ್ತಾಗ ಸರ್ಕಾರ ಅದನ್ನು ಭಯೋತ್ಪಾದಕ ಕೃತ್ಯವೆಂದೇ ಕರೆಯಿತು, ಆದರೆ ಕ್ಷಿಪಣಿಗಳು ಹಾರಲಿಲ್ಲ. ತನಿಖೆಯನ್ನು ಮುಂದಿಟ್ಟು ಕೋಪವನ್ನು ಹಿಂದಿಟ್ಟ ಆ ಸಂಯಮಕ್ಕೆ ಸಲ್ಲಬೇಕಾದ ಪ್ರಶಂಸೆ ಪತ್ರಿಕೆಗಳಲ್ಲಿ ಸಲ್ಲಲಿಲ್ಲ.

ದೂರದ ಗಡಿಯ ಜಗಳ ನಮಗೇಕೆ ಎನ್ನುವವರಿದ್ದಾರೆ. ತಾಂಡ್ಯದಿಂದ ಪೂಂಛ್‌ಗೆ ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದಾರಿ. ಆ ಪೂಂಛ್ ಪಟ್ಟಣದಲ್ಲಿ ಕ್ರೈಸ್ಟ್ ಸ್ಕೂಲ್ ಎಂಬ ಶಾಲೆಯಿದೆ. ಅದನ್ನು ನಡೆಸುವವರು ಬೆಂಗಳೂರಿನ ಕ್ರೈಸ್ಟ್ ಕಾಲೇಜನ್ನು, ಈಗಿನ ವಿಶ್ವವಿದ್ಯಾಲಯವನ್ನು ಕಟ್ಟಿದ ಅದೇ ಸಿ.ಎಂ.ಐ. ಸಭೆಯ ಗುರುಗಳು. ಮೇ 7ರ ಬೆಳಗಿನ ಜಾವ ಫಿರಂಗಿಯ ಗುಂಡೊಂದು ಆ ಶಾಲೆಯ ಹಿಂಬದಿಯಲ್ಲಿ ಬಿದ್ದಿತು. ಅದೇ ಶಾಲೆಯಲ್ಲಿ ಓದುತ್ತಿದ್ದ ಅವಳಿ ಮಕ್ಕಳಿಬ್ಬರು ಸತ್ತರು, ಅವರ ತಂದೆತಾಯಿಗಳು ಗಾಯಗೊಂಡರು. ಮತ್ತೊಂದು ಗುಂಡು ಕಾರ್ಮೆಲ್ ಮಾತೆಯ ಸಭೆಯ ಕನ್ಯಾಸ್ತ್ರೀಯರ ಮಠಕ್ಕೆ ಬಡಿದು ನೀರಿನ ತೊಟ್ಟಿಗಳು, ಸೌರಫಲಕಗಳು ಒಡೆದವು. ಸಿಖ್ಖರ ಗುರುದ್ವಾರಕ್ಕೂ ಪೆಟ್ಟಾಯಿತು. ಆ ಪಟ್ಟಣ ಮತ್ತು ಸುತ್ತಲಿನಲ್ಲೇ ಹತ್ತಕ್ಕೂ ಹೆಚ್ಚು ನಾಗರಿಕರು ಜೀವ ಕಳೆದುಕೊಂಡರು. ಅವರಲ್ಲಿ ಮುಸಲ್ಮಾನರೂ ಸಿಖ್ಖರೂ ಹಿಂದೂಗಳೂ ಇದ್ದರು. ತನ್ನ ಕಡೆ 40 ಮಂದಿ ನಾಗರಿಕರು ಸತ್ತರೆಂದು ಪಾಕಿಸ್ತಾನ ಹೇಳಿತು. ಆ ಅವಳಿ ಮಕ್ಕಳು ನಮ್ಮ ಮತದವರಲ್ಲ. ಆದರೆ ನಮ್ಮ ಶಾಲೆಯ ಸಮವಸ್ತ್ರ ತೊಟ್ಟು, ನಮ್ಮ ಗುರುಗಳ ಕೈಯಲ್ಲಿ ಅಕ್ಷರ ಕಲಿತ ಮಕ್ಕಳು ನಮ್ಮವರಲ್ಲದೆ ಮತ್ತಾರವರು?

ಅಜ್ಜಿಯ ಪ್ರಶ್ನೆಗೆ ಬರೋಣ. ಹೌದು, ಅಲ್ಲೂ ನಮ್ಮ ಗುಡಿಗಳಿವೆ. ಕರಾಚಿಯ ಕ್ರೈಸ್ತ ಸಮುದಾಯ 1948ರವರೆಗೆ ಮುಂಬಯಿ ಮಹಾಧರ್ಮಕ್ಷೇತ್ರಕ್ಕೇ ಸೇರಿತ್ತು. ಗೋವಾದಿಂದ ದುಡಿಮೆಗೆ ಹೋದ ಕೊಂಕಣಿ ಮಾತಿನ ಕುಟುಂಬಗಳು ಅಲ್ಲಿ ಶಾಲೆ, ಸಂಗೀತ, ಪೌರಸೇವೆಗಳಲ್ಲಿ ಹೆಸರು ಮಾಡಿದ್ದವು. ಭಾರತದ ಪ್ರಪ್ರಥಮ ಕಾರ್ಡಿನಲ್ ವಲೇರಿಯನ್ ಗ್ರೇಷಿಯಸ್ ಅವರು ಹುಟ್ಟಿದ್ದು 1900ರಲ್ಲಿ, ಕರಾಚಿಯಲ್ಲಿ. ಪಾಕಿಸ್ತಾನದ ಪ್ರಪ್ರಥಮ ಕಾರ್ಡಿನಲ್ ಜೋಸೆಫ್ ಕಾರ್ಡೇರೊ ಅವರು ಹುಟ್ಟಿದ್ದು 1918ರಲ್ಲಿ, ಮುಂಬಯಿಯಲ್ಲಿ. ಇದಕ್ಕಿಂತ ಹೆಚ್ಚಿನ ನಂಟು ಬೇಕೆ? ಯುದ್ಧಗಳಲ್ಲೂ ಈ ವಿಚಿತ್ರ ಕಾಣಬಹುದು. 1965ರಲ್ಲಿ ನಮ್ಮ ವಾಯುಪಡೆಯ ಪರವಾಗಿ ಟ್ರೆವರ್ ಕೀಲರ್, ಡೆಂಜಿಲ್ ಕೀಲರ್ ಎಂಬ ಆಂಗ್ಲೋ-ಇಂಡಿಯನ್ ಸೋದರರು ಹೋರಾಡಿ ಕೀರ್ತಿ ಪಡೆದರು. ಎದುರು ಪಕ್ಷದಲ್ಲಿ ಸೆಸಿಲ್ ಚೌಧರಿ ಎಂಬ ಕಥೋಲಿಕ ವಿಮಾನಯೋಧರಿದ್ದರು. ಅವರು ನಿವೃತ್ತಿಯ ಬಳಿಕ ಲಾಹೋರಿನಲ್ಲಿ ಶಾಲೆಯ ಮುಖ್ಯೋಪಾಧ್ಯಾಯರಾಗಿ, ಅಲ್ಲಿನ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ದುಡಿದರು. ಆ ನಾಡಿನ ಕ್ರೈಸ್ತರು ಬಹುಪಾಲು ಬಡವರು, ಧರ್ಮನಿಂದೆಯ ಕಾನೂನಿನ ನೆರಳಲ್ಲಿ ಬದುಕುವವರು. ಭಾರತದೊಡನೆ ಯುದ್ಧದ ಮಾತೆದ್ದಾಗಲೆಲ್ಲ ಅವರು ತಮ್ಮ ದೇಶನಿಷ್ಠೆಯನ್ನು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿ ಹೇಳಬೇಕಾಗುತ್ತದೆ. ಈ ಕಷ್ಟ ನಮಗೆ ಹೊಸದೇನಲ್ಲ.

ಹೊಸದಲ್ಲವೆನ್ನಲು ನಮ್ಮ ಹಿರಿಯರ ಚರಿತ್ರೆಯೇ ಸಾಕ್ಷಿ. ಎರಡನೆಯ ಮೈಸೂರು ಯುದ್ಧದಲ್ಲಿ ಮಂಗಳೂರು ಕೋಟೆಗಾಗಿ ಇಂಗ್ಲಿಷರಿಗೂ ಟೀಪೂ ಸುಲ್ತಾನರಿಗೂ ಕಾಳಗ ನಡೆಯಿತು. ಕೆನರಾದ ಕಥೋಲಿಕರು ಇಂಗ್ಲಿಷರಿಗೆ ನೆರವಾದರೆಂಬ ಗುಮಾನಿ ಹುಟ್ಟಿತು. 1784ರ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದ ದಿನ, ಅವರನ್ನು ಮನೆಮಠಗಳಿಂದ ಎಬ್ಬಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಹತ್ತಾರು ಸಾವಿರ ಮಂದಿ ಹೆಂಗಸರು, ಮಕ್ಕಳು, ಮುದುಕರು ಆ ದಾರಿಯಲ್ಲಿ ನಡೆದರು. ಬಹಳ ಮಂದಿ ಹಿಂದಿರುಗಲಿಲ್ಲ. ಉಳಿದವರಿಗೆ ಬಿಡುಗಡೆಯಾದದ್ದು 1799ರಲ್ಲಿ. ಅದೇ ಟೀಪೂ ಸುಲ್ತಾನರು ಅರ್ಪಿಸಿದ ಪಚ್ಚೆಯ ಲಿಂಗ ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಯಲ್ಲಿದೆ. ಪಟ್ಟದಾನೆಯ ಕಣ್ಣು ವಾಸಿಯಾದದ್ದಕ್ಕೆ ಸುಲ್ತಾನರು ಆ ದೇವರನ್ನು ಹಕೀಂ ನಂಜುಂಡನೆಂದು ಕರೆದರೆಂದು ಊರವರೆಲ್ಲ ಹೇಳುತ್ತಾರೆ. ಒಬ್ಬನೇ ಅರಸನ ಕೈಯಿಂದ ಒಂದು ಮತದವರಿಗೆ ಕಾಣಿಕೆ, ಇನ್ನೊಂದು ಮತದವರಿಗೆ ಸೆರೆ. ಇವೆರಡರಲ್ಲಿ ಒಂದನ್ನು ಹಿಡಿದು ಮತ್ತೊಂದನ್ನು ಅಳಿಸಬೇಕೆನ್ನುವವರ ಗಲಾಟೆಗೆ ನಾವು ಸೇರುವವರಲ್ಲ. ನಮಗೆ ಮುಖ್ಯವಾಗುವುದು ಈ ಎರಡರ ನಡುವಿನ ವ್ಯತ್ಯಾಸಕ್ಕೆ ಕಾರಣವೇನೆಂಬುದು. ಆ ಕಾರಣ ಯುದ್ಧ. ಶತ್ರು ಬಾಗಿಲಿಗೆ ಬಂದಾಗ, ಶತ್ರುವಿನ ದೇವರನ್ನು ಪೂಜಿಸುವ ಪ್ರಜೆ ಒಮ್ಮಿಂದೊಮ್ಮೆಗೆ ಶತ್ರುವಾಗಿ ಕಂಡ. 1962ರಲ್ಲಿ ಚೀನಾ ದಾಳಿಯಾದಾಗ ಸ್ವತಂತ್ರ ಭಾರತವೂ ಇದೇ ತಪ್ಪು ಮಾಡಿತು. ತಲೆಮಾರುಗಳಿಂದ ಇಲ್ಲಿಯೇ ಬಾಳಿದ್ದ ಸುಮಾರು ಮೂರು ಸಾವಿರ ಚೀನೀ ಮೂಲದವರನ್ನು ರಾಜಸ್ಥಾನದ ದೇವಲಿಯ ಶಿಬಿರದಲ್ಲಿ ಕೂಡಿಹಾಕಿತು.

ಹಳೆಯ ಕಥೆ ಬೇಡವೆಂದರೆ ಹೊಸದನ್ನೇ ನೋಡಿ. ಪಹಲ್ಗಾಮ್ ಘಟನೆಯಾಗಿ ಐದು ದಿನಕ್ಕೆ, 2025ರ ಏಪ್ರಿಲ್ 27ರಂದು, ಮಂಗಳೂರಿನ ಹೊರವಲಯದ ಕುಡುಪುವಿನಲ್ಲಿ ಕ್ರಿಕೆಟ್ ಪಂದ್ಯ ನಡೆಯುತ್ತಿದ್ದಾಗ ಗುಂಪೊಂದು ಒಬ್ಬ ಬಡವನನ್ನು ಹೊಡೆದು ಕೊಂದಿತು. ಆತ ಪಾಕಿಸ್ತಾನಕ್ಕೆ ಜೈಕಾರ ಹಾಕಿದನೆಂಬುದು ಹೊಡೆದವರ ಕಡೆಯ ಮಾತು. ಆತ ಮಾನಸಿಕವಾಗಿ ಅಸ್ವಸ್ಥನೆಂದು ಮನೆಯವರು ಹೇಳಿದರು. ಪ್ರಕರಣದಲ್ಲಿ ಕರ್ತವ್ಯಲೋಪ ತೋರಿದರೆಂದು ಪೊಲೀಸರ ಮೇಲೂ ಅಮಾನತಿನ ಕ್ರಮವಾಯಿತು. ಸತ್ತವನು ವಯನಾಡಿನವನು. ವಯನಾಡಿನಿಂದ ಗುಂಡ್ಲುಪೇಟೆಗೆ ಇಳಿದು, ನಂಜನಗೂಡು, ಮೈಸೂರು, ತಿರುಮಕೂಡಲು ನರಸೀಪುರಗಳನ್ನು ಹಾದು ಕೊಳ್ಳೇಗಾಲಕ್ಕೆ ಹೋಗುವ ಹೆದ್ದಾರಿ ನಮ್ಮೆಲ್ಲರ ಮನೆಯಂಗಳದ ದಾರಿ. ಶುಂಠಿ, ಬಾಳೆ, ಹೂವು, ತರಕಾರಿಗಳ ಜೊತೆಗೆ ಕೂಲಿಯಾಳುಗಳೂ ಅದೇ ದಾರಿಯಲ್ಲಿ ಬಂದು ಹೋಗುತ್ತಾರೆ. ಗಡಿಯಾಚೆಗೆ ಇನ್ನೂ ಒಂದು ಕ್ಷಿಪಣಿಯೂ ಹಾರಿರಲಿಲ್ಲ. ಕರ್ನಾಟಕದಲ್ಲಿ ಆಗಲೇ ಒಂದು ಹೆಣ ಬಿದ್ದಿತ್ತು. ಯುದ್ಧದ ಸಂಭವವೆಷ್ಟು ಎಂದು ತಜ್ಞರನ್ನು ಕೇಳುವ ನಾವು, ಆ ಸಂಭವ ಮಾತ್ರದಿಂದಲೇ ನಮ್ಮ ನಡುವೆ ಏನಾಗುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಆಗ ನಮ್ಮ ಕಥೋಲಿಕ ಸಮಾಜ ಏನು ಮಾಡಿತು? ನಿಷ್ಠುರವಾದರೂ ಹೇಳಿಬಿಡುತ್ತೇವೆ. ನಮ್ಮ ಯುವಜನರ ಹಾಗೂ ಧರ್ಮಕೇಂದ್ರಗಳ ವಾಟ್ಸಾಪ್ ಬಳಗಗಳಲ್ಲಿ ಆ ವಾರ ಹರಿದಾಡಿದ ಸಂದೇಶಗಳನ್ನು ನಾವು ಓದಿದ್ದೇವೆ. ಬೆಳಿಗ್ಗೆ ಸಂತ ಅಂತೋಣಿಯವರ ಚಿತ್ರ, ಮಧ್ಯಾಹ್ನ ಮುಸಲ್ಮಾನರೆಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟುವ ಬರಹ, ರಾತ್ರಿ ಕರಾಚಿ ಸುಟ್ಟುಹೋಯಿತೆಂಬ ಸುಳ್ಳು. ಬೈದವರಿಗಿಂತ ಸುಮ್ಮನಿದ್ದವರು ಹೆಚ್ಚು. ಆ ಸುಮ್ಮನಿದ್ದವರಲ್ಲಿ ನಾವೂ ಒಬ್ಬರು. ಬಹುಸಂಖ್ಯಾತರ ಕಣ್ಣಿಗೆ ತಾವು ಬೇರೆ, ಅವರು ಬೇರೆ ಎಂದು ತೋರಿಸಿಕೊಂಡರೆ ನಮ್ಮ ಗುಡಿಗಳು ಉಳಿದಾವೆಂಬ ಒಳಲೆಕ್ಕ ಕೆಲವರಲ್ಲಿದೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಪ್ರಾರ್ಥನಾಲಯಗಳ ಮೇಲೆ ದಾಳಿಯಾದಾಗ ಅಂಥ ಲೆಕ್ಕಗಳಿಗೆಲ್ಲ ಏನು ಬೆಲೆ ಬಂತೆಂಬುದನ್ನು ಅವರು ಒಮ್ಮೆ ನೆನೆದುಕೊಳ್ಳಲಿ.

ಹಾಗಾದರೆ ಧರ್ಮಸಭೆ ಯುದ್ಧವನ್ನೇ ಬೇಡವೆನ್ನುತ್ತದೆಯೇ, ಮಗನನ್ನು ಸೈನ್ಯಕ್ಕೆ ಕಳುಹಿದ ತಾಯಿಗೆ ಏನು ಹೇಳುತ್ತದೆ ಎಂದು ಕೇಳುವವರಿದ್ದಾರೆ. ಅದು ತಕ್ಕ ಪ್ರಶ್ನೆ. 1965ರ ಡಿಸೆಂಬರ್ 7ರಂದು ಹೊರಬಂದ ದ್ವಿತೀಯ ವ್ಯಾಟಿಕನ್ ಮಹಾಸಭೆಯ ದಸ್ತಾವೇಜು ದೇಶಗಳಿಗೆ ಆತ್ಮರಕ್ಷಣೆಯ ಹಕ್ಕಿದೆಯೆಂದು ಸ್ಪಷ್ಟವಾಗಿ ಒಪ್ಪುತ್ತದೆ. ಶಾಂತಿಯ ಮಾರ್ಗಗಳೆಲ್ಲ ಮುಗಿದ ಮೇಲೆ ಮಾತ್ರ ಎಂಬ ಷರತ್ತು ಅದಕ್ಕಿದೆ. ಸೈನ್ಯದಲ್ಲಿ ನಿಷ್ಠೆಯಿಂದ ದುಡಿಯುವವನನ್ನು ಅದು ಜನರ ಸ್ವಾತಂತ್ರ್ಯದ ಸೇವಕನೆಂದು ಗೌರವಿಸುತ್ತದೆ. ಇಡೀ ನಗರಗಳನ್ನು ವಿವೇಚನೆಯಿಲ್ಲದೆ ಅಳಿಸಿಹಾಕುವ ಯುದ್ಧವನ್ನು ದೇವರಿಗೂ ಮನುಷ್ಯನಿಗೂ ಎಸಗುವ ಅಪರಾಧವೆಂದು ಅದೇ ಉಸಿರಿನಲ್ಲಿ ಖಂಡಿಸುತ್ತದೆ. ಹೊಡೆತದಿಂದ ಆಗುವ ಕೇಡು, ತಪ್ಪಿಸಬೇಕೆಂದಿರುವ ಕೇಡಿಗಿಂತ ಹೆಚ್ಚಾಗಬಾರದೆಂಬುದು ನಮ್ಮ ಧರ್ಮೋಪದೇಶ ಗ್ರಂಥದ ನಿಬಂಧನೆಗಳಲ್ಲೊಂದು. ಅಣುಬಾಂಬಿನ ಕಾಲದಲ್ಲಿ ಈ ತಕ್ಕಡಿಯನ್ನು ಸರಿಯಾಗಿ ತೂಗುವುದು ಬಹಳ ಕಷ್ಟವೆಂದು ಪೋಪ್ ಫ್ರಾನ್ಸಿಸ್ ಅವರು 2020ರ ತಮ್ಮ ವಿಶ್ವಪತ್ರದಲ್ಲಿ ಎಚ್ಚರಿಸಿದ್ದರು. ಭಯೋತ್ಪಾದಕನನ್ನು ತಡೆಯುವುದು ರಾಜ್ಯದ ಕರ್ತವ್ಯ. ಅದರಲ್ಲಿ ನಮಗೆ ಎರಡು ಮಾತಿಲ್ಲ. ತಡೆಯುವುದಕ್ಕೂ ನೆರೆಯ ಊರು ಸುಟ್ಟಿತೆಂದು ಚಪ್ಪಾಳೆ ತಟ್ಟುವುದಕ್ಕೂ ನಡುವೆ ಇರುವ ಅಂತರವನ್ನು ತಿಳಿಯಲು ದೊಡ್ಡ ದೈವಶಾಸ್ತ್ರವೇನೂ ಬೇಕಾಗದು.

ನಿಜವಾಗಿ ಕಾದಿದವರಲ್ಲಿ ಈ ಚಪ್ಪಾಳೆ ಕಾಣುವುದು ಅಪರೂಪ. ನಮ್ಮ ಪಕ್ಕದ ಕೊಡಗಿನ ಅಜ್ಜಮಾಡ ದೇವಯ್ಯ ಅವರು 1965ರ ಸೆಪ್ಟೆಂಬರ್ 7ರಂದು ಸರ್ಗೋಧಾದ ಮೇಲಿನ ದಾಳಿಯಲ್ಲಿ, ತಮಗಿಂತ ವೇಗದ ವಿಮಾನವನ್ನು ಎದುರಿಸಿ ವೀರಮರಣವನ್ನಪ್ಪಿದರು. ಅವರಿಗೆ ಮಹಾವೀರ ಚಕ್ರ ದೊರೆತದ್ದು 23 ವರ್ಷಗಳ ಬಳಿಕ, 1988ರಲ್ಲಿ. ಅದೇ ಯುದ್ಧದಲ್ಲಿ ಜನರಲ್ ಕಾರ್ಯಪ್ಪನವರ ಮಗನ ವಿಮಾನ ಉರುಳಿ ಅವರು ಸೆರೆಯಾದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರು ಹಿಂದೆ ಒಂದೇ ಸೈನ್ಯದಲ್ಲಿ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಮಗನನ್ನು ಬಿಟ್ಟುಬಿಡುವುದಾಗಿ ಅವರು ಹೇಳಿಕಳುಹಿದಾಗ, ಸೆರೆಯಲ್ಲಿರುವವರೆಲ್ಲರೂ ತನ್ನ ಮಕ್ಕಳೇ, ಒಬ್ಬನಿಗೆ ಮಾತ್ರ ವಿನಾಯಿತಿ ಬೇಡವೆಂದು ಕಾರ್ಯಪ್ಪನವರು ತಿರುಗಿ ಹೇಳಿದ ಸಂಗತಿ ಕೊಡಗಿನಲ್ಲಿ ಮನೆಮಾತಾಗಿದೆ. ಆ ಯುದ್ಧಕ್ಕೆ ಒಂಬತ್ತು ತಿಂಗಳ ಮೊದಲು, 1964ರ ಡಿಸೆಂಬರಿನಲ್ಲಿ, ಪೋಪ್ ಆರನೆಯ ಪೌಲರು ಪರಮಪ್ರಸಾದ ಮಹಾಸಮ್ಮೇಳನಕ್ಕೆಂದು ಮುಂಬಯಿಗೆ ಬಂದಿದ್ದರು. ದೇಶಗಳು ಶಸ್ತ್ರಾಸ್ತ್ರಗಳ ಪೈಪೋಟಿ ನಿಲ್ಲಿಸಿ ಆ ಹಣವನ್ನು ಬಡವರಿಗೆ ಹಂಚಬೇಕೆಂದು ಅಲ್ಲಿಂದಲೇ ಅವರು ಮೊರೆಯಿಟ್ಟರು. ಮೊರೆಯನ್ನು ಯಾರೂ ಕೇಳಲಿಲ್ಲ. ಯುದ್ಧ ನಿಂತು ಹನ್ನೊಂದು ದಿನಗಳಿಗೆ, 1965ರ ಅಕ್ಟೋಬರ್ 4ರಂದು, ಅವರು ವಿಶ್ವಸಂಸ್ಥೆಯ ಎದುರು ನಿಂತು ಇನ್ನೆಂದೂ ಯುದ್ಧ ಬೇಡವೆಂದು ಕೂಗಿಕೊಂಡರು. ಅರವತ್ತು ವರ್ಷಗಳ ಮೇಲೆ, 2025ರ ಮೇ 11ರ ಭಾನುವಾರ, ಹೊಸ ಪೋಪ್ ಲಿಯೋ ತಮ್ಮ ಮೊದಲ ಭಾನುವಾರದ ಪ್ರಾರ್ಥನೆಯಲ್ಲಿ ಅದೇ ಕೂಗನ್ನು ಮತ್ತೆ ಎತ್ತಿ, ಭಾರತ ಪಾಕಿಸ್ತಾನಗಳ ಕದನವಿರಾಮಕ್ಕೆ ಹರ್ಷ ಸೂಚಿಸಿದರು.

ಯುದ್ಧವಾದರೆ ಕಾರ್ಖಾನೆ ಬಾಗಿಲು, ಸರಕಿನ ಬೆಲೆ, ಮಕ್ಕಳ ಕೊಲ್ಲಿ ನೌಕರಿ ಎಲ್ಲವೂ ಅಲುಗಾಡುವುವು. 1990ರ ಆಗಸ್ಟ್ 2ರಂದು ಇರಾಕು ತನ್ನ ನೆರೆಯ ಕುವೈತನ್ನು ನುಂಗಿದಾಗ ನಮ್ಮ ಕರಾವಳಿಯ ಎಷ್ಟು ಕಥೋಲಿಕ ಮನೆಗಳು ಉಟ್ಟ ಬಟ್ಟೆಯಲ್ಲಿ ಹಿಂದಿರುಗಿದವೆಂಬುದನ್ನು ಹಿರಿಯ ಓದುಗರು ಬಲ್ಲರು. ಆಗ ಸುಮಾರು 1.7 ಲಕ್ಷ ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. 2025ರ ಸೆಪ್ಟೆಂಬರ್ 17ರಂದು ಸೌದಿ ಅರೇಬಿಯಾ ಮತ್ತು ಪಾಕಿಸ್ತಾನ ಪರಸ್ಪರ ರಕ್ಷಣೆಯ ಒಪ್ಪಂದಕ್ಕೆ ಸಹಿಹಾಕಿವೆ. ರಿಯಾದಿನಲ್ಲೋ ದಮ್ಮಾಮಿನಲ್ಲೋ ಮಗನಿರುವ ಮನೆಯವರು ಈ ಸುದ್ದಿಯನ್ನು ಪತ್ರಿಕೆಯ ಒಳಪುಟದಲ್ಲಿ ಓದಿ ಮಡಿಸಿಡುವಂತಿಲ್ಲ.

ನೀರಿನ ವಿಷಯ ಮಾತ್ರ ಹೀಗೆ ದಾಟಿಹೋಗುವಂಥದಲ್ಲ. ಪಹಲ್ಗಾಮ್ ದಾಳಿಯ ಮರುದಿನ ಭಾರತವು 1960ರ ಸಿಂಧೂ ಜಲ ಒಪ್ಪಂದವನ್ನು ತಡೆಹಿಡಿಯಿತು. 1965, 1971, 1999ರ ಮೂರು ಯುದ್ಧಗಳನ್ನೂ ತಾಳಿಕೊಂಡು ಬಂದಿದ್ದ ಒಪ್ಪಂದವದು. ತಿರುಮಕೂಡಲಿನಲ್ಲಿ ಕಪಿಲೆ ಕಾವೇರಿಯನ್ನು ಕೂಡುವುದನ್ನು ಕಂಡು ಬೆಳೆದ ನಮಗೆ ನದಿಯ ಜಗಳದ ರುಚಿ ಗೊತ್ತಿದೆ. ಅಲ್ಲಿಂದ ತುಸು ಕೆಳಗಿರುವ ತಲಕಾಡನ್ನು ಸಾವಿರ ವರ್ಷಗಳ ಹಿಂದೆ ಚೋಳರು ಗಂಗರಿಂದ ಕಿತ್ತುಕೊಂಡರು, ನೂರು ವರ್ಷಗಳ ಮೇಲೆ ಹೊಯ್ಸಳ ವಿಷ್ಣುವರ್ಧನ ಗೆದ್ದು ತಲಕಾಡುಗೊಂಡನೆಂಬ ಬಿರುದು ತಳೆದ. ಈಗ ಅಲ್ಲಿ ಮರಳಿದೆ. 1991ರ ಜೂನ್ 25ರಂದು ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ ವರ್ಷಕ್ಕೆ 205 ಟಿ.ಎಂ.ಸಿ. ನೀರು ಬಿಡಬೇಕೆಂದು ಮಧ್ಯಂತರ ಆದೇಶವಿತ್ತಿತು. ಆ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲೂ ನಮ್ಮ ಸೀಮೆಯಲ್ಲೂ ತಮಿಳರ ಮನೆ, ಗದ್ದೆ, ಗುಡಿಸಲುಗಳ ಮೇಲೆ ಏನೇನು ನಡೆಯಿತೆಂಬುದನ್ನು ಮರೆಯುವುದು ನಮಗೆ ಅನುಕೂಲ, ಓಡಿಹೋದವರಿಗೆ ಅನುಕೂಲವಲ್ಲ. ಅವರಲ್ಲಿ ನಮ್ಮೊಡನೆ ಒಂದೇ ಪೀಠದ ಮುಂದೆ ಮಂಡಿಯೂರುತ್ತಿದ್ದವರೂ ಇದ್ದರು. ಭಾಷೆ ಬೇರೆಯಾದದ್ದಕ್ಕೆ ಅದೇ ಪೀಠದ ಮುಂದೆ ನಾವೇ ನಡೆಸಿದ ಜಗಳಗಳ ಮಾತನ್ನು ಇಲ್ಲಿ ಎತ್ತದಿರುವುದೇ ಲೇಸು. ಕೊನೆಗೆ ಕಾವೇರಿಯ ಪಾಲನ್ನು ಗೊತ್ತುಮಾಡಿದ್ದು ಕಲ್ಲು ಬೆಂಕಿಗಳಲ್ಲ. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯ 177.25 ಟಿ.ಎಂ.ಸಿ. ಎಂದು ನಿಗದಿಮಾಡಿತು, ಬಿಳಿಗುಂಡ್ಲುವಿನ ಮಾಪಕ ದಿನವೂ ಅದನ್ನು ಅಳೆಯುತ್ತಿದೆ. ಅಳತೆಗೋಲು ಇರುವವರೆಗೆ ಜಗಳ ಜಗಳವಾಗಿಯೇ ಇರುತ್ತದೆ. ಸಿಂಧೂವಿಗೂ ಹಾಗೊಂದು ಅಳತೆಗೋಲಿತ್ತು, ಎರಡೂ ಕಡೆಯ ಆಯುಕ್ತರು ಕೂತು ಲೆಕ್ಕ ನೋಡುತ್ತಿದ್ದರು. ಅದನ್ನು ಬದಿಗಿಡುವುದರಿಂದ ಭಯೋತ್ಪಾದಕನಿಗೆ ಬಾಯಾರಿಕೆಯಾಗುತ್ತದೋ, ಗೋಧಿ ಬೆಳೆಯುವ ರೈತನಿಗೋ ಎಂಬುದನ್ನು ಸರ್ಕಾರ ಯೋಚಿಸಬೇಕೆಂದು ನಮ್ಮ ನಮ್ರ ಅಭಿಪ್ರಾಯ.

ಎರಡು ದೇಶಗಳ ನಡುವೆ ವ್ಯಾಪಾರ, ವೀಸಾ, ಕ್ರಿಕೆಟ್ಟು ಎಲ್ಲ ಕಡಿದುಬಿದ್ದರೂ ಒಂದು ಪದ್ಧತಿ ಉಳಿದುಬಂದಿದೆ. 1988ರ ಡಿಸೆಂಬರ್ 31ರಂದು ಆದ ಒಪ್ಪಂದದಂತೆ, ಪರಸ್ಪರರ ಅಣುಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲವೆಂದು ಮಾತುಕೊಟ್ಟು, 1992ರಿಂದ ಪ್ರತಿ ಜನವರಿ 1ರಂದು ಆ ಸ್ಥಾವರಗಳ ಪಟ್ಟಿಯನ್ನು ಅದಲುಬದಲು ಮಾಡಿಕೊಳ್ಳುತ್ತ ಬಂದಿವೆ. ಮೈಸೂರಿನ ಹೊರಗೆ ಇಲವಾಲದ ಬಳಿ ರತ್ನಹಳ್ಳಿಯಲ್ಲಿ ಅಣುಶಕ್ತಿ ಇಲಾಖೆಯ ಘಟಕವಿರುವ ನಮ್ಮ ಜಿಲ್ಲೆಯವರಿಗೆ ಈ ಒಪ್ಪಂದ ಬರಿಯ ಕಾಗದವಲ್ಲ. ಅದೇ ದಿನ ಇನ್ನೊಂದು ಪಟ್ಟಿಯೂ ಕೈಬದಲಾಗುತ್ತದೆ. ಒಬ್ಬರ ಸೆರೆಮನೆಯಲ್ಲಿರುವ ಮತ್ತೊಬ್ಬರ ಪ್ರಜೆಗಳ ಪಟ್ಟಿಯದು. ಅದರಲ್ಲಿ ಬಹಳಷ್ಟು ಹೆಸರುಗಳು ಮೀನುಗಾರರವು. ಕಡಲಲ್ಲಿ ಗೆರೆ ಕಾಣದೆ ದೋಣಿ ದಾಟಿಸಿದ ಗುಜರಾತಿನವರು, ದೀವಿನವರು, ಸಿಂಧಿನವರು.

ಜನವರಿ 1 ನಮ್ಮ ಧರ್ಮಸಭೆಯಲ್ಲಿ ದೇವಮಾತೆಯ ಹಬ್ಬ. 1968ರಿಂದ ಅದನ್ನು ವಿಶ್ವಶಾಂತಿ ದಿನವೆಂದೂ ಆಚರಿಸುತ್ತಿದ್ದೇವೆ. ಆ ಬೆಳಗಿನ ಬಲಿಪೂಜೆಯಲ್ಲಿ ವಿಶ್ವಾಸಿಗಳ ಪ್ರಾರ್ಥನೆಗಳನ್ನು ಓದುವ ಸರದಿ ಬರುವ ಯುವಕ ಯುವತಿಯರಲ್ಲಿ ನಮ್ಮದೊಂದು ಕೋರಿಕೆಯಿದೆ. ದೇಶದ ನಾಯಕರಿಗಾಗಿ, ಗಡಿ ಕಾಯುವ ಯೋಧರಿಗಾಗಿ ಎಂದಿನಂತೆ ಪ್ರಾರ್ಥಿಸಿ. ಅದರ ಕೆಳಗೆ ಇನ್ನೆರಡು ಸಾಲು ಬರೆದುಕೊಳ್ಳಿ, ಒಂದು ಪೂಂಛ್‌ನ ಆ ಅವಳಿ ಮಕ್ಕಳ ತಂದೆತಾಯಿಗಳಿಗಾಗಿ, ಇನ್ನೊಂದು ಎರಡೂ ಕಡೆಯ ಸೆರೆಮನೆಗಳಲ್ಲಿರುವ ಮೀನುಗಾರರಿಗಾಗಿ. ತಾಂಡ್ಯದ ಆ ಅಜ್ಜಿ ತಾವು ಬದುಕಿರುವವರೆಗೆ ಮೂರನೆಯದೊಂದನ್ನು ತಾವೇ ಸೇರಿಸುವುದಾಗಿ ಹೇಳಿದ್ದಾರೆ. ಅದು ಕರಾಚಿಯ ಗುಡಿಗಳಿಗಾಗಿ.